ವಲ್ಕನ್ ಪಬ್ಬನ್ನ ಟೇಪ್ ಹಿಡ್ಕೊಂಡು ಅಳೆದು ಬಿಡಿಸಿದ್ದು (ನನ್ನ ಅನುಭವ)

ನಾನು ಉಡುಪಿ ಕಡೆಯವನು, ಹಳೇ ಕಟ್ಟಡಗಳ ರಿಪೇರಿ ಬಗ್ಗೆ ಓದೋಕೆ ಅಂತ ವೇಲ್ಸ್‌ನ ಕಾರ್ಡಿಫ್‌ಗೆ ಬಂದೋನು. ಕ್ಲಾಸಲ್ಲಿ ಎಷ್ಟು ಹೇಳಿಕೊಟ್ರೂ ಒಂದು ಕಟ್ಟಡನ ಸ್ವಂತ ಕೈಯಲ್ಲಿ ಅಳೆದು ಪೇಪರ್ ಮೇಲೆ ಇಳಿಸೋ ತನಕ ಅದು ತಲೆಗೆ ಹತ್ತಲ್ಲ ಅನ್ನೋದು ನನ್ನ ನಂಬಿಕೆ, ಹಾಗಾಗಿ ಊರಾಚೆ ಸೈಂಟ್ ಫೇಗನ್ಸ್ ಬಯಲು ಮ್ಯೂಸಿಯಂನಲ್ಲಿರೋ ವಲ್ಕನ್ ಹೋಟೆಲ್ ಆರಿಸಿಕೊಂಡೆ. ಹೆಸರಲ್ಲಿ ಹೋಟೆಲ್ ಅಂತಿದ್ರೂ ಅದು ಪಬ್ಬು.

ಇದು ಮೊದ್ಲು ಕಾರ್ಡಿಫ್‌ನ ಆಡಮ್ ಸ್ಟ್ರೀಟ್‌ನಲ್ಲಿತ್ತು, 1853ರಲ್ಲಿ ಬಿಯರ್ ಮಾರೋ ಮನೆ ಅಂತ ದಾಖಲಾಗಿದ್ದು. ಸುತ್ತ ನ್ಯೂಟೌನ್ ಅನ್ನೋ ಕೇರಿ, ಐರ್ಲೆಂಡಿಂದ ಬಂದು ಹಡಗುಕಟ್ಟೆಯಲ್ಲಿ ದುಡೀತಿದ್ದ ಕುಟುಂಬಗಳು ಜಾಸ್ತಿ. 1960ರ ದಶಕದಲ್ಲಿ ಆ ಕೇರಿನ ಕೆಡವಿದ್ರು, ಪಬ್ ಮಾತ್ರ ಉಳೀತು, ಅದೂ 2012ರಲ್ಲಿ ಮುಚ್ತು. ಆಮೇಲೆ ಅದನ್ನ ಬಿಚ್ಚಿ ತಂದು ಮ್ಯೂಸಿಯಂನಲ್ಲಿ ಮತ್ತೆ ಕಟ್ಟಿ 2024ರ ಮೇ ತಿಂಗಳಲ್ಲಿ ಬಾಗಿಲು ತೆಗೆದ್ರು, 1915ರಲ್ಲಿ ಹೇಗಿತ್ತೋ ಹಾಗೆ, ಬಿಯರೂ ಕೊಡ್ತಾರೆ. ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನ ಬಿಚ್ಚಿ ತಂದು ನಿಲ್ಲಿಸಿದ್ದನ್ನ ಚಿಕ್ಕಂದಿಂದ ನೋಡಿದ್ದೆ, ಬಹುಶಃ ಅದಕ್ಕೇ ಈ ಕಟ್ಟಡ ನನ್ನನ್ನ ಅಷ್ಟು ಎಳೀತು.

ಮೊದಲ್ನೇ ದಿನ ಟೇಪ್ ಮುಟ್ಲೇ ಇಲ್ಲ. ಪರ್ಮಿಷನ್ ಕೇಳ್ಕೊಂಡು ಜನ ಕಮ್ಮಿ ಇರೋ ಬೆಳಗ್ಗೆ ಹೋಗಿ ಕಣ್ಣಂದಾಜಲ್ಲಿ ಒಂದು ಸ್ಕೆಚ್ ಹಾಕ್ಕೊಂಡೆ ಅಷ್ಟೇ, ಯಾಕಂದ್ರೆ ಅಳತೆ ಬರ್ಕೊಳ್ಳೋಕೆ ಜಾಗ ಬೇಕಲ್ಲ, ಸ್ಕೆಚ್ ಸರಿ ಇಲ್ಲಾಂದ್ರೆ ಮನೆಗೆ ಬಂದ್ಮೇಲೆ ಯಾವ ನಂಬರ್ ಯಾವ ಗೋಡೇದು ಅಂತ ಗೊತ್ತಾಗಲ್ಲ.

ಎರಡನೇ ಸಲ ಹೊರಗಿನ ಮುಖ ಹಿಡಿದೆ. 1914ರಲ್ಲಿ ಪಬ್ಬನ್ನ ದೊಡ್ಡದಾಗಿ ರಿಪೇರಿ ಮಾಡ್ದಾಗ ಕೆಳಗಿನ ಅಂತಸ್ತಿಗೆ ಹಸಿರು ಮತ್ತೆ ಕಂದು ಬಣ್ಣದ ಹೊಳಪು ಟೈಲ್ಸ್ ಬಂತು, ಪಬ್ಬಿನ ಹೆಸರೂ ಟೈಲಲ್ಲೇ ಇದೆ. ನೋಡೋಕೆ ಅಲಂಕಾರ ಅನ್ಸುತ್ತೆ, ಆದ್ರೆ ಕಲ್ಲಿದ್ದಲ ಮಸಿ ಬಿದ್ದಿರೋ ಊರಲ್ಲಿ ಒದ್ದೆ ಬಟ್ಟೆ ತಗೊಂಡು ಒರೆಸಿದ್ರೆ ಗೋಡೆ ಮತ್ತೆ ಹೊಸದಾಗೋದು ಸಣ್ಣ ವಿಷಯ ಅಲ್ಲ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಒಂದು ಟೈಲ್ ಅಳೆದು, ಎಷ್ಟಿವೆ ಅಂತ ಎಣಿಸಿ ಗುಣಿಸಿದೆ. ಒಂದೊಂದು ಸಂದಿ ಒಂದೆರಡು ಮಿಲಿಮೀಟರೇ ಇದ್ರೂ ಅಷ್ಟೂ ಸಂದಿ ಕೂಡಿಸ್ತಾ ಹೋದ್ರೆ ಕಿಟಕಿ ಒಂದು ಕಡೆ, ಡ್ರಾಯಿಂಗ್ ಇನ್ನೊಂದು ಕಡೆ. ವಾಪಸ್ ಹೋಗಿ ಟೇಪಿನ ಸೊನ್ನೆನ ಒಂದೇ ಮೂಲೆಯಲ್ಲಿ ಇಟ್ಟು, ಅಲ್ಲಿಂದಲೇ ಬಾಗಿಲ ಅಂಚು, ಕಿಟಕಿ ಅಂಚು, ಕಂಬದ ಅಂಚು ಎಲ್ಲಾ ಸಾಲಾಗಿ ಓದ್ಕೊಂಡು ಬಂದೆ. ಹೀಗೆ ಮಾಡಿದ್ರೆ ಒಂದು ಅಳತೆ ತಪ್ಪಾದ್ರೂ ಮುಂದಿಂದು ಕೆಡಲ್ಲ. ಹೊಸಬ್ರಿಗೆ ನಾನು ಮೊದ್ಲು ಹೇಳೋ ಮಾತೇ ಇದು.

ಬಣ್ಣದ ಕಥೆ ಬೇರೆ. ಹಸಿರು ಅಂತ ಬರ್ಕೊಂಡ್ರೆ ಸಾಲಲ್ಲ, ಗ್ಲೇಜ್ (ಟೈಲ್ ಮೇಲಿನ ಗಾಜಿನಂಥ ಹೊಳಪು ಲೇಪ) ತಗ್ಗಿರೋ ಕಡೆ ದಪ್ಪಗೆ ನಿಂತು ಕಪ್ಪು ಹಸಿರಾಗಿರುತ್ತೆ, ಉಬ್ಬಿರೋ ಅಂಚಲ್ಲಿ ತೆಳ್ಳಗಾಗಿ ತಿಳಿಯಾಗಿರುತ್ತೆ. ಬಿಸ್ಲು ಬಿದ್ರೆ ಬರೀ ಹೊಳಪು ಹೊಡಿಯುತ್ತೆ, ಏನೂ ಕಾಣಲ್ಲ. ವೇಲ್ಸ್‌ನ ಮೋಡ ಕವಿದ ಬೆಳಕಿದ್ಯಲ್ಲ, ಎಲ್ರೂ ಬೈಯ್ಯೋದು, ಅದರಷ್ಟು ಒಳ್ಳೇ ಬೆಳಕು ಈ ಕೆಲ್ಸಕ್ಕೆ ಇನ್ನೊಂದಿಲ್ಲ.

ಒಳಗೆ ಬಾರ್ ರೂಮಿನ ನೆಲಕ್ಕೆ ಮರದ ಹೊಟ್ಟು ಹರಡಿರ್ತಾರೆ. ಚೆಲ್ಲಿದ ಬಿಯರು, ಬೂಟಿನ ಕೆಸರು, ಉಗುಳು ಎಲ್ಲಾ ಅದು ಹೀರ್ಕೊಳ್ಳುತ್ತೆ, ಗುಡಿಸಿ ತೆಗೆದು ಹೊಸದು ಹಾಕಿದ್ರೆ ಆಯ್ತು. ಆ ಕಾಲದ ಪಬ್‌ಗಳಲ್ಲಿ ಕೆಲ್ಸದ ಬಟ್ಟೇಲಿ ಬರೋರಿಗೆ ಇಂಥ ಬಾರ್ ರೂಮು, ಸ್ವಲ್ಪ ಕಾಸು ಜಾಸ್ತಿ ಕೊಡೋರಿಗೆ ಮೆತ್ತನೆ ಸೀಟಿನ ಬೇರೆ ರೂಮು ಅಂತ ಇರ್ತಿತ್ತು. ಕಿಟಕಿ ಗಾಜನ್ನ ಮಬ್ಬಾಗಿ ಮಾಡ್ತಿದ್ದದ್ದೂ ಸುಮ್ನೆ ಅಲ್ಲ, ಬೆಳಕು ಒಳಗೆ ಬರಬೇಕು, ಆದ್ರೆ ರಸ್ತೇಲಿ ಹೋಗೋರಿಗೆ ಒಳಗೆ ಕೂತೋರು ಯಾರು ಅಂತ ಕಾಣಬಾರ್ದು. ಕುಡಿತ ಬೇಡ ಅನ್ನೋ ಚಾಪೆಲ್‌ಗಳ (ಕ್ರೈಸ್ತ ಪ್ರಾರ್ಥನಾ ಮಂದಿರಗಳ) ಮಾತು ನಡೀತಿದ್ದ ನಾಡು ಅದು, ಭಾನುವಾರ ಪಬ್ ಮುಚ್ಚಬೇಕು ಅಂತ ವೇಲ್ಸ್‌ಗೇ ಪ್ರತ್ಯೇಕವಾಗಿ 1881ರಲ್ಲಿ ಕಾನೂನು ತಂದಿದ್ರು. ಇದನ್ನೆಲ್ಲ ತಿಳ್ಕೊಂಡ್ಮೇಲೆ ಕಿಟಕಿ ಗಾಜಿನ ಮಬ್ಬು ಎಷ್ಟು ಎತ್ತರಕ್ಕೆ ನಿಲ್ಲುತ್ತೆ ಅನ್ನೋದನ್ನೂ ಅಳೆದು ಬರ್ಕೊಂಡೆ, ನಿಂತೋರ ಕಣ್ಣಿನ ಮಟ್ಟದ ಜೊತೆ ಹೋಲಿಸೋಕೆ.

ರೂಮಿನ ಮೂಲೆ ತೊಂಬತ್ತು ಡಿಗ್ರಿ ಇದೆ ಅಂತ ಎಂದೂ ನಂಬಬಾರ್ದು. ನಮ್ಮ ಅಪ್ಪಯ್ಯಂಗೆ ಫೋನಲ್ಲಿ ಹೇಳ್ತಿದ್ದಾಗ "ಮೂಲೆಮಟ್ಟ ಇಟ್ಟು ನೋಡಿದ್ಯಾ ಮಗಾ?" ಅಂತ ಮೊದ್ಲು ಕೇಳಿದ್ದೇ ಅದು. ಮೂಲೆಮಟ್ಟ ನನ್ನ ಹತ್ರ ಇರ್ಲಿಲ್ಲ, ಎರಡೂ ಕರ್ಣ ಅಳೆದೆ, ಎದುರುಬದುರು ಗೋಡೆಗಳು ಒಂದೇ ಉದ್ದ ಇದ್ದು ಕರ್ಣಗಳೂ ಒಂದಕ್ಕೊಂದು ಸರಿಬಂದ್ರೆ ಮೂಲೆಗಳು ತೊಂಬತ್ತು ಡಿಗ್ರಿ, ಇಲ್ಲಾಂದ್ರೆ ಓರೆ. ಕೌಂಟರಿನ ಅಂಚಿನ ಮೋಲ್ಡಿಂಗ್‌ಗೆ (ಕೆತ್ತಿದ ಪಟ್ಟಿಗೆ) ಬಾಚಣಿಗೆ ಥರದ ಗೇಜ್ ಒತ್ತಿ ಆಕಾರ ಹಿಡ್ಕೊಂಡೆ, ಪಾಲಿಶ್ ಮೇಲೆ ಗೀರು ಬೀಳದ ಹಾಗೆ ಮಧ್ಯೆ ತೆಳು ಪೇಪರ್ ಇಟ್ಟು.

ಕೌಂಟರ್ ಹತ್ರ ಮಂಡಿಯೂರಿ ಕೂತಿದ್ದಾಗ ವಯಸ್ಸಾದ ಒಬ್ರು ಬಂದು ಏನ್ಮಾಡ್ತಿದ್ದೀರಿ ಅಂತ ವಿಚಾರಿಸಿದ್ರು. ಪಬ್ ಆಡಮ್ ಸ್ಟ್ರೀಟಲ್ಲಿದ್ದಾಗಲೇ ಅವ್ರು ಇದ್ರಲ್ಲಿ ಕುಡಿದೋರು. ನನ್ನ ಶೀಟ್ ನೋಡಿ, "ಹೊಟ್ಟು ಎಲ್ಲಾ ಕಡೆ ಒಂದೇ ಥರ ಬರೆದಿದ್ದೀರಲ್ಲ, ಕೌಂಟರ್ ಬುಡದಲ್ಲಿ ಅದು ನಿಲ್ತಾನೇ ಇರ್ಲಿಲ್ಲ, ನಮ್ಮ ಕಾಲು ಅಲ್ಲೇ ಅಲ್ವಾ ಆಡ್ತಿದ್ದದ್ದು" ಅಂದ್ರು. ನೆಲ ನೋಡಿದೆ, ನಿಜವಾಗ್ಲೂ ಅಲ್ಲಿ ಹೊಟ್ಟು ಸರಿದು ಒಂದು ಪಟ್ಟಿ ಉದ್ದಕ್ಕೂ ಬರಿದಾಗಿತ್ತು. ಅದನ್ನ ಅಳೆದು ಪ್ಲಾನಲ್ಲಿ ಚುಕ್ಕಿ ಗೆರೆ ಹಾಕಿ ಸೇರಿಸ್ದೆ. ಇಡೀ ಡ್ರಾಯಿಂಗಲ್ಲಿ ನಂಗೆ ತುಂಬಾ ಇಷ್ಟವಾದ ಗೆರೆ ಅದೇ.

ಗಂಡಸರ ಟಾಯ್ಲೆಟ್‌ನ ಹಳೇ ಪಿಂಗಾಣಿ ಯೂರಿನಲ್‌ಗಳನ್ನ ಅಳೆಯೋದು ಇನ್ನೂ ಬಾಕಿ ಇದೆ. ಜನ ಬಂದು ಹೋಗ್ತಾ ಇರೋವಾಗ ಅಲ್ಲಿ ಟೇಪ್ ಹಿಡಿಯೋಕಾಗಲ್ಲ, ಮುಂದಿನ ವಾರ ಬಾಗಿಲು ತೆಗೆಯೋಕೆ ಮುಂಚೆ ಅರ್ಧ ಗಂಟೆ ಬಿಟ್ಕೊಡ್ತೀವಿ ಅಂತ ಮ್ಯೂಸಿಯಂನೋರು ಅಂದಿದ್ದಾರೆ.