ಬೆಳಕಿಲ್ಲದ ಹಾಲ್‌ನಲ್ಲಿ ಗಿಡ ಉಳಿಸಿಕೊಂಡಿದ್ದು ಹೀಗೆ

ಬೆಂಗಳೂರಿನಲ್ಲಿ ನಮ್ಮದು ಗ್ರೌಂಡ್ ಫ್ಲೋರ್ ಮನೆ. ಕಿಟಕಿ ತೆಗೆದರೆ ಮೂರಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಹಾಲ್‌ನಲ್ಲಿಟ್ಟ ಝಡ್‌ಝಡ್ (ZZ) ಅನ್ನುವ, ಮನೆಯೊಳಗೆ ಬೆಳೆಸುವ ಗಿಡದ ಎಲೆಗಳು ಒಂದೊಂದೇ ಹಳದಿಯಾದವು. ನೀರು ಸಾಲದೇನೋ ಅಂತ ನಾನು ದಿನಾ ಒಂದು ಲೋಟ ಹಾಕುತ್ತಿದ್ದೆ. ಕುಂಡದ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡಲು ಶುರುವಾದಾಗ ಗಿಡ ಕಿತ್ತು ನೋಡಿದೆ. ಆಲೂಗಡ್ಡೆ ಥರ ಗಟ್ಟಿ ಇರಬೇಕಾದ ಗೆಡ್ಡೆಗಳಲ್ಲಿ ಎರಡು, ಬೆರಳಲ್ಲಿ ಒತ್ತಿದರೆ ಒಡೆದು ನೀರು ಸುರಿಸುವಷ್ಟು ಮೆತ್ತಗಾಗಿದ್ದವು. ಕೆಟ್ಟ ವಾಸನೆ ಬೇರೆ. ತುಂಬಾ ಬೇಜಾರಾಯಿತು.

ಈ ಗಿಡ ನೀರನ್ನು ಗೆಡ್ಡೆಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಬೆಳಕು ಕಡಿಮೆ ಇದ್ದರೆ ಕುಡಿಯುವುದೂ ಕಡಿಮೆ, ಅಲ್ವಾ? ಹಾಕಿದ್ದೆಲ್ಲ ಮಣ್ಣಲ್ಲೇ ನಿಂತು ಬೇರು ಕೊಳೆಯುತ್ತದೆ.

ಕೊಳೆತದ್ದನ್ನು ಕತ್ತರಿಸಿ, ಉಳಿದದ್ದನ್ನು ಒಂದು ದಿನ ನೆರಳಲ್ಲಿ ಒಣಗಿಸಿ, ತಳದಲ್ಲಿ ತೂತಿರುವ ಚಿಕ್ಕ ಕುಂಡದಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು, ಸ್ವಲ್ಪ ಎರೆಗೊಬ್ಬರ ಬೆರೆಸಿ ನೆಟ್ಟೆ. ಒಂದು ವಾರ ನೀರು ಮುಟ್ಟಿಸಲಿಲ್ಲ. ಈಗ ಬೆರಳು ಪೂರ್ತಿ ಇಳಿಸಿ ನೋಡುತ್ತೇನೆ, ಒಣಗಿದ್ದರೆ ಮಾತ್ರ ನೀರು. ನಮ್ಮ ಮನೆಯಲ್ಲಿ ಅದು ಸುಮಾರು 20 ದಿನಕ್ಕೊಮ್ಮೆ. ಮೂರು ತಿಂಗಳಿಗೆ ಹೊಸ ಚಿಗುರು ಬಂತು, ಎಣ್ಣೆ ಸವರಿದಂಥ ಎಳೆ ಹಸಿರು!

ಬಿಳಿ ಪಟ್ಟೆಯ ಮನಿ ಪ್ಲಾಂಟ್ ಕತ್ತಲಲ್ಲಿ ಪೂರ್ತಿ ಹಸಿರಾಗುತ್ತಿತ್ತು, ಅದನ್ನು ಕಿಟಕಿ ಪಕ್ಕಕ್ಕೆ ಇಟ್ಟೆ. ಮೂಲೆಗೆ ಹಸಿರು ಜಾತಿಯದ್ದೇ ಒಳ್ಳೆಯದು. ಎಲೆ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಇರುವಷ್ಟು ಬೆಳಕಾದರೂ ಸಿಗಲಿ. ಪುಟ್ಟ ಮಕ್ಕಳು, ಬೆಕ್ಕು ಇದ್ದರೆ ಈ ಎರಡೂ ಗಿಡಗಳನ್ನು ಕೈಗೆಟುಕದ ಹಾಗೆ ಇಡಿ, ಎಲೆ ಅಗಿದರೆ ಬಾಯಿ ಉರಿಯುತ್ತದೆ.