ಷೇರು ವಿಭಜನೆಯ ಹೊತ್ತಿನಲ್ಲಿ ಮಾರಬೇಕೇ, ಉಳಿಸಿಕೊಳ್ಳಬೇಕೇ?

ಮೊದಲು ವಿಭಜನೆಯ ಅನುಪಾತವನ್ನು ನೋಡಿ. 2020ರ ಆಗಸ್ಟ್‌ನಲ್ಲಿ ಆಪಲ್ ತನ್ನ ಒಂದು ಷೇರನ್ನು ನಾಲ್ಕಾಗಿಸಿದಾಗ 100 ಷೇರುಗಳಿದ್ದವರ ಬಳಿ 400 ಆದವು. ಆದರೆ ಪ್ರತಿ ಷೇರಿನ ಬೆಲೆಯೂ ಕಾಲುಭಾಗಕ್ಕೆ ಹೊಂದಿಕೊಳ್ಳುವುದರಿಂದ, ಕೇವಲ ವಿಭಜನೆಯಿಂದ ಹೂಡಿಕೆಯ ಮೌಲ್ಯ ಹೆಚ್ಚುವುದಿಲ್ಲ. ಆದ್ದರಿಂದ ಕಂಪನಿಯ ಲಾಭ, ಸಾಲ ಮತ್ತು ಬೆಳವಣಿಗೆಯನ್ನು ನೋಡಿಯೇ ನಿರ್ಧರಿಸಬೇಕು. ಘೋಷಣೆಯ ಉತ್ಸಾಹದಲ್ಲಿ ಬೆಲೆಯು ಗಳಿಕೆಯನ್ನು ಬಹಳ ಮೀರಿ ಏರಿದ್ದರೆ, ಅಥವಾ ಒಂದೇ ಕಂಪನಿಯ ಷೇರು ನಿಮ್ಮ ಒಟ್ಟು ಹೂಡಿಕೆಯಲ್ಲಿ ಅತಿಯಾದ ಪಾಲು ಪಡೆದಿದ್ದರೆ, ಒಂದು ಭಾಗವನ್ನಷ್ಟೇ ಮಾರುವುದು ನನ್ನ ದೃಷ್ಟಿಯಲ್ಲಿ ವಿವೇಕದ ದಾರಿ. ಲಾಭದ ಲೆಕ್ಕಕ್ಕೆ, ಕೊಂಡ ಬೆಲೆಯನ್ನೂ ಅದೇ ಅನುಪಾತದಲ್ಲಿ ಭಾಗಿಸಿಕೊಳ್ಳಿ. ವಿಭಜನೆಯ ದಿನ ಖಾತೆಯಲ್ಲಿ ಮೌಲ್ಯ ಕುಸಿದಂತೆ ಕಂಡರೆ ಗಾಬರಿಯಿಂದ ಮಾರಬೇಡಿ (ಅನೇಕರು ಎಡವುವುದು ಇಲ್ಲಿಯೇ). ಹೊಸ ಷೇರುಗಳು ಜಮೆಯಾಗುವವರೆಗೆ ಹಾಗೆ ಕಾಣುವುದುಂಟು.