ಬಳಸಿದ ಹವಳದ ಅಕ್ವೇರಿಯಂ ಕೊಳ್ಳುವ ಮುನ್ನ

ಬೆಂಗಳೂರಿನಲ್ಲಿ ವರ್ಗವಾಗಿಯೋ ವಿದೇಶಕ್ಕೆ ಹೊರಟೋ ಮನೆ ಖಾಲಿ ಮಾಡುವವರು ತಮ್ಮ ಉಪ್ಪುನೀರಿನ ಹವಳದ ಟ್ಯಾಂಕನ್ನು ಮೀನು, ಕಲ್ಲು, ಪಂಪುಗಳ ಸಮೇತ ಕಡಿಮೆ ಬೆಲೆಗೆ ಕೊಡುವುದುಂಟು. ನೀಲಿ ದೀಪದಡಿಯಲ್ಲಿ ಸೊರಗಿದ ಹವಳವೂ ಹೊಳೆಯುವುದರಿಂದ ಮೊದಲು ಬಿಳಿ ಬೆಳಕು ಹಾಕಿಸಬೇಕು. ಅದಾದ ಮೇಲೆ ಟ್ಯಾಂಕಿನ ಮುಂದೆ ನಿಂತು ಮೆಚ್ಚುವುದನ್ನು ಬಿಟ್ಟು ಕೆಳಗಿನ ಕ್ಯಾಬಿನೆಟ್ಟಿನ ಬಾಗಿಲು ತೆರೆಸಬೇಕು.

ಅಲ್ಲಿರುವುದು ಸಂಪ್. ನಮ್ಮ ಮನೆಗಳ ನೆಲದಡಿಯ ಸಂಪ್ ಅಲ್ಲ, ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್ ಮತ್ತು ನೀರನ್ನು ಮೇಲಿನ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪ್ ಕೂರುವ ಗಾಜಿನ ಪೆಟ್ಟಿಗೆ. ಕ್ಯಾಬಿನೆಟ್ಟಿನ ತಳದ ಪ್ಲೈವುಡ್ ಉಬ್ಬಿದ್ದರೆ, ಕಬ್ಬಿಣದ ಸ್ಟ್ಯಾಂಡಿನ ವೆಲ್ಡಿಂಗ್ ತುಕ್ಕು ಹಿಡಿದಿದ್ದರೆ, ಪ್ಲಗ್ಗುಗಳ ಮೇಲೆ ಉಪ್ಪಿನ ಪುಡಿ ಕಟ್ಟಿದ್ದರೆ ನೀರು ಬಹಳ ದಿನಗಳಿಂದ ಸೋರುತ್ತಿರಬಹುದು. ನಂತರ ಮಾಲೀಕರಿಂದಲೇ ರಿಟರ್ನ್ ಪಂಪನ್ನು ಆಫ್ ಮಾಡಿಸಿ. ಮೇಲಿನ ನೀರು ಇಳಿದು ಸಂಪಿನ ಅಂಚಿಗಿಂತ ಕೆಳಗೇ ನಿಲ್ಲಬೇಕು, ಮತ್ತೆ ಹಾಕಿದಾಗ ಯಾರೂ ಕೈಯಿಡದೆ ಹರಿವು ಮೊದಲಿನಂತಾಗಬೇಕು. ಕರೆಂಟು ಹೋಗಿ ಬರುವ ಊರಿನಲ್ಲಿ ಈ ಪರೀಕ್ಷೆಯಲ್ಲಿ ಸೋತ ಟ್ಯಾಂಕು ಒಂದಲ್ಲ ಒಂದು ದಿನ ಹಾಲ್ ತುಂಬ ನೀರು ನಿಲ್ಲಿಸುತ್ತದೆ.

ಗಾಜಿನ ವಿಷಯದಲ್ಲಿ ಆತುರ ಬೇಡ. ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕು ಸುಮಾರು 450 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಭಾರ 600 ಕಿಲೋ ದಾಟಬಹುದು. ಒಳಮೂಲೆಯ ಸಿಲಿಕೋನ್ ಪಟ್ಟಿಯ ಅಂಚಿನಡಿ ಸ್ವಲ್ಪ ಪಾಚಿ ನುಸುಳಿದ್ದರೆ ಅದು ಕೇವಲ ನೋಟದ ದೋಷವಾಗಿರಬಹುದು, ಆದರೆ ಎರಡು ಗಾಜುಗಳ ನಡುವಿನ ಅಂಟಿನಲ್ಲಿಯೇ ಗುಳ್ಳೆಯೋ ಬಿಳುಪೋ ಹರಡಿದ್ದರೆ ಆ ಟ್ಯಾಂಕನ್ನು ಬಿಡಿ. ಖಾಲಿ ಟ್ಯಾಂಕಾಗಿದ್ದರೆ ಸಮತಟ್ಟಾದ ಜಾಗದಲ್ಲಿ ಪೂರ್ತಿ ತುಂಬಿಸಿ ಎರಡು ದಿನ ಬಿಡಲು ಕೇಳಿ. ಒಣಗಿಯೇ ತಿಂಗಳುಗಟ್ಟಲೆ ಬಿದ್ದಿದ್ದ ಟ್ಯಾಂಕಿಗೆ ಈ ಪರೀಕ್ಷೆ ತಪ್ಪಿಸಲೇಬಾರದು.

ನೀರು ತಂಪಾಗಿಸುವ ಚಿಲ್ಲರ್ ಇದೆಯೆಂದರೆ ಸಾಲದು. ಹವಳಕ್ಕೆ 24ರಿಂದ 27 ಡಿಗ್ರಿಯ ನೀರು ಬೇಕು, ಏಪ್ರಿಲಿನಲ್ಲಿ ನಮ್ಮ ಕೋಣೆಗಳೇ 30 ದಾಟುತ್ತವೆ. ಕರಾವಳಿಯಲ್ಲಂತೂ ಹೇಳುವುದೇ ಬೇಡ. ಈಗಿನ ಉಷ್ಣಾಂಶಕ್ಕಿಂತ ಎರಡು ಡಿಗ್ರಿ ಕಡಿಮೆಗೆ ಹಾಕಿಸಿ, ಚಹಾ ಕುಡಿಯುವ ನೆಪದಲ್ಲಾದರೂ ಕುಳಿತು ಮುಳ್ಳು ಇಳಿಯುತ್ತದೆಯೇ ನೋಡಿ.

ನೀರನ್ನು ನಿಮ್ಮದೇ ಟೆಸ್ಟ್ ಕಿಟ್ಟಿನಿಂದ ಅಳೆಯಿರಿ. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆಯ ಅಳತೆಮಾನ), ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಸುತ್ತ ಇದ್ದು ಅಮೋನಿಯಾ ಸೊನ್ನೆಯಿದ್ದರೆ ಸಮಾಧಾನ. ಹಿಂದಿನ ದಿನ ಅರ್ಧ ನೀರು ಬದಲಿಸಿಯೂ, ಮೀನಿನ ತ್ಯಾಜ್ಯದಿಂದ ಕೂಡುವ ನೈಟ್ರೇಟನ್ನು ಇಳಿಸಿ ತೋರಿಸಬಹುದಾದ್ದರಿಂದ ಕೊನೆಯ ಬಾರಿ ನೀರು ಬದಲಿಸಿದ್ದು ಯಾವಾಗ ಎಂದು ಕೇಳಿ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಈ ಟ್ಯಾಂಕಿನಲ್ಲಿ ಮೀನಿಗೆ ಎಂದಾದರೂ ತಾಮ್ರದ ಔಷಧ ಹಾಕಿದ್ದಿರಾ ಎಂಬುದು. ಕಲ್ಲು ಹೀರಿಕೊಂಡ ತಾಮ್ರ ಮುಂದೆ ನೀರಿಗಿಳಿದು ಹವಳ, ಸಿಗಡಿ, ಬಸವನಹುಳುಗಳನ್ನು ಕೊಲ್ಲಬಲ್ಲದು.

ಸಾಧ್ಯವಾದರೆ ದೀಪ ಆರಿದ ಮೇಲೊಮ್ಮೆ ಕೆಂಪು ಟಾರ್ಚ್ ಹಿಡಿದು ಕಲ್ಲುಗಳ ಸಂದು ನೋಡಿ. ಕಂದು ಬಣ್ಣದ ಸಣ್ಣ ಹೂವಿನಂತಿದ್ದು ಹವಳಗಳನ್ನು ಕುಟುಕುವ ಐಪ್ಟೇಸಿಯಾ ಎಂಬ ಪೀಡೆಯ ಜೀವಿ ಒಂದೆರಡಿದ್ದರೆ ಸಂಭಾಳಿಸಬಹುದು; ಎಲ್ಲೆಡೆ ಹರಡಿದ್ದರೆ ಕಲ್ಲಿಗೆ ಬೆಲೆ ಕಟ್ಟಬೇಡಿ. ಆದರೆ ಪರೀಕ್ಷೆಯ ಹೆಸರಿನಲ್ಲಿ ಕಲ್ಲನ್ನು ಕೆರೆಯುವುದಾಗಲಿ, ಮನೆಗೆ ತಂದು ಕುದಿಸುವುದಾಗಲಿ ಕೂಡದು: ಹವಳದ ಸಂಬಂಧಿಗಳಾದ ಕೆಲವು ಪ್ಯಾಲಿಥೋವಾಗಳಲ್ಲಿರುವ ಪ್ಯಾಲಿಟಾಕ್ಸಿನ್ ಎಂಬ ವಿಷದ ಆವಿಯಿಂದ ಮನುಷ್ಯರೇ ಆಸ್ಪತ್ರೆ ಸೇರಿದ್ದಾರೆ.

ಕಾನೂನಿನ ಮಾತೂ ಇದೆ. ಕಲ್ಲಿನಂಥ ಗೂಡು ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ ರಕ್ಷಿಸುತ್ತದೆ. ಆಮದಾದದ್ದು ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪದೆ ದಾಖಲೆ ಕೇಳಿ. ದಾಖಲೆಯಿಲ್ಲದಿದ್ದರೆ, ಎಷ್ಟೇ ಅಂದವಾಗಿದ್ದರೂ, ವ್ಯವಹಾರದಿಂದ ಅವನ್ನು ಹೊರಗಿಡಿ.

ಬೆಲೆಯನ್ನು ಗಾಜು ಮತ್ತು ಸಲಕರಣೆಗಳಿಗೆ ಮಾತ್ರ ಕಟ್ಟಿ, ಜೀವಿಗಳದ್ದನ್ನು ಬೇರೆಯಾಗಿ ಮಾತಾಡುವುದು ಒಳ್ಳೆಯದು, ಏಕೆಂದರೆ ಸಾಗಣೆಯಲ್ಲಿ ಸಾಯುವುದು ಅವೇ. ವರ್ಷಗಟ್ಟಲೆ ಕಲಕದ ಮರಳನ್ನು ಕೊಡುತ್ತೇನೆಂದರೂ ತರಬೇಡಿ. ಅದರಡಿ ಕೂಡಿರುವ ಕೊಳಕು ಹೊಸ ಜಾಗದಲ್ಲಿ ಒಮ್ಮೆಗೇ ನೀರಿನಲ್ಲಿ ಬೆರೆಯುತ್ತದೆ. ಕಲ್ಲುಗಳನ್ನು ಮಾತ್ರ ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿಯೇ ತನ್ನಿ, ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಅವುಗಳಲ್ಲಿಯೇ.